ಮುಚ್ಚಳದ ಮೇಸ್ತ್ರಿ

ತಮ್ಮ ಸುರಿದ ಎರಡನೆಯ ಬಿಂದಿಗೆ ನೀರು ಚರಂಡಿಗೆ ಇಳಿಯಲಿಲ್ಲ. ಬೆಂಚಿನ ಮೇಲೆ ಮಲಗಿಸಿದ್ದ, ತೀರಿಹೋದ ಅಣ್ಣ ಮೇಸ್ತ್ರಿಯವರ ಪಾದಗಳಿಂದ ಇಳಿದು, ಹಿತ್ತಲ ಮೂಲೆಯ ಜಾಲರಿಯವರೆಗೆ ಹೋಗಿ, ಅಲ್ಲೇ ಸುತ್ತು ಹಾಕಿ ನಿಂತಿತು. ಆಮೇಲೆ ಹಿಂದಕ್ಕೆ ಬರತೊಡಗಿತು. ಬರುವಾಗ ಕಪ್ಪು ನೀರನ್ನೂ ಜೊತೆಗೆ ಕರೆದುಕೊಂಡು ಬಂದಿತು.

“ನಿಲ್ಲಿಸಿ ಚಿಕ್ಕಪ್ಪಾ,” ಎಂದಳು ಮಗಳು. “ಇನ್ನೊಂದು ತಂಬಿಗೆ ಕೂಡ ಬೇಡ. ಲೈನ್ ಕಟ್ಕೊಂಡಿದೆ.”

ಚಿಕ್ಕಪ್ಪ ಬಿಂದಿಗೆ ಹಿಡಿದೇ ಕಾಲು ಎತ್ತಿ ಎತ್ತಿ ಇಟ್ಟರು. “ಇವತ್ತೇ ಕಟ್ಕೋಬೇಕಾ ಇದು? ಊರ ಚರಂಡೀನೆಲ್ಲ ನೋಡ್ಕೊಂಡವನ ಮನೇಲಿ?”

ನಾಲ್ಕು ಜನ ಬೆಂಚನ್ನು ಹಾಗೆಯೇ ಎತ್ತಿ ಒಳಜಗಲಿಗೆ ತಂದರು. ನೀರು ಬೆಂಚಿನ ಕಾಲನ್ನು ಮುಟ್ಟಿತ್ತು, ಮೇಲೆ ಮಲಗಿದ್ದವರನ್ನು ಮುಟ್ಟಿರಲಿಲ್ಲ. ಒಗೆದ ಟವಲು ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅದನ್ನು ಬಗ್ಗಿ ನೋಡಿ ಖಚಿತ ಮಾಡಿಕೊಂಡಳು.

“ಇಷ್ಟು ವರ್ಷ ಈ ಮನೇಲಿ ವಾಸನೆ ಬರೋಕೆ ಬಿಟ್ಟಿಲ್ಲ ನಾನು,” ಎಂದಳು. “ಇವತ್ತೂ ಬಿಡಲ್ಲ. ಹಿತ್ತಲು ತೊಳೆದು, ಅವರಿಗೆ ಸರಿಯಾಗಿ ಸ್ನಾನ ಮಾಡಿಸಿ, ಆಮೇಲೆ ಕಳಿಸ್ತೀನಿ.”

“ಅತ್ತಿಗೆ, ಸಂಜೆಗೆ ಸ್ಮಶಾನದ ಗೇಟು ಹಾಕ್ತಾರೆ. ಒಂದು ಬಾಟ್ಲಿ ಫಿನೈಲ್ ಸುರಿದು, ಒದ್ದೆ ಬಟ್ಟೇಲಿ ಮೈ ಒರೆಸಿ ಹೊರಡೋಣ. ಇದನ್ನ ನಾಳೆ ನೋಡ್ಕೊಂಡ್ರಾಯ್ತು.”

“ಬೇರೆಯವರ ಮನೇಲಿ ಹೀಗಾಗಿದ್ರೆ ನಿಮ್ಮಣ್ಣ ನಾಳೆ ಅಂತಿದ್ರಾ?”

ಚಿಕ್ಕಪ್ಪ ಬಿಂದಿಗೆಯನ್ನು ಸದ್ದಾಗದಂತೆ ಕೆಳಗಿಟ್ಟರು.

ಆಕೆಯ ಮಾತು ನಿಜವಾಗಿತ್ತು. ಮದುವೆಯಾಗಲಿ ಸಾವಾಗಲಿ, ಒಂದು ಮನೆಯಲ್ಲಿ ಜನ ಸೇರುತ್ತಾರೆಂದರೆ ಮೇಸ್ತ್ರಿಯವರು ಮುಂಚೆಯೇ ಆ ಬೀದಿಗೆ ಹೋಗಿ, ಚರಂಡಿ ಗುಂಡಿಯ ಮುಚ್ಚಳ ತೆಗೆಸಿ, ಕೊಳವೆಗೆ ಸರಳು ಹಾಕಿಸಿ, ನೀರು ಓಡುವುದನ್ನು ಕಣ್ಣಾರೆ ನೋಡಿ ಬರುತ್ತಿದ್ದರು. ನಿವೃತ್ತಿಯಾದ ಮೇಲೂ ಅದನ್ನು ಬಿಡಲಿಲ್ಲ. ಯಾರೂ ಹೇಳಿದ ಕೆಲಸವಲ್ಲ. ಎಷ್ಟೋ ಮನೆಯವರಿಗೆ ಅದು ಗೊತ್ತೂ ಇರಲಿಲ್ಲ. ಜೊತೆಗೆ ಹೋಗುತ್ತಿದ್ದವನು ಕೊಕ್ಕೆ. ಮುಚ್ಚಳ ಎತ್ತುವ ಕಬ್ಬಿಣದ ಕೊಕ್ಕೆಯನ್ನು ಹೆಗಲ ಮೇಲಿಟ್ಟುಕೊಂಡು ತಿರುಗಿ ತಿರುಗಿ ಅದೇ ಅವನ ಹೆಸರಾಗಿತ್ತು.

ಆ ಕೊಕ್ಕೆ ಈಗ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಐವತ್ತು ದಾಟಿದ ಗಂಡಸು, ಪಾಠ ಒಪ್ಪಿಸಲಾಗದ ಹುಡುಗನಂತೆ ತಲೆ ತಗ್ಗಿಸಿದ್ದ.

“ತಪ್ಪು ನಂದು ಪುಟ್ಟಿ,” ಎಂದ ಮೇಸ್ತ್ರಿಯವರ ಮಗಳಿಗೆ. “ನಿನ್ನೆನೇ ಬಂದು ಲೈನ್ ನೋಡ್ಬೇಕಾಗಿತ್ತು. ಮೇಸ್ತ್ರಿ ಹೋದ್ರು ಅಂತ ಗೋಡೆಗೊರಗಿ ಕೂತ್ಬಿಟ್ಟೆ. ಊರಿಗೆಲ್ಲ ಮಾಡಿದ್ದನ್ನ ಅವರೊಬ್ಬರಿಗೆ ಮಾಡ್ಲಿಲ್ಲ.”

“ನನಗೆ ನೆನಪಾಯ್ತಾ ಕೊಕ್ಕೆ ಮಾಮ? ನಾನೂ ಅದೇ ಕೆಲಸದವಳೇ ತಾನೆ. ನಡಿ, ಬೀದೀಲಿ ನೋಡೋಣ.”

ಬೀದಿ ಇಳಿಜಾರು. ಉದ್ದಕ್ಕೂ ಜನ, ಅವರು ತಂದು ನಿಲ್ಲಿಸಿದ ಸ್ಕೂಟರು, ಕಾರು, ಆಟೋ. ಮನೆಯ ಮುಂದಿನ ಗುಂಡಿಯ ಮುಚ್ಚಳ ತೆಗೆದರೆ ನೀರು ಬಾಯಿಯವರೆಗೆ ತುಂಬಿತ್ತು. ಅದರ ಕೆಳಗಿನ ಗುಂಡಿ ಬರಿದಾಗಿತ್ತು. ಕಟ್ಟಿಕೊಂಡಿರುವುದು ಎರಡರ ನಡುವೆ. ಕೊಕ್ಕೆ ಮೇಲಿನಿಂದ ಸರಳು ತೂರಿದ, ಇಬ್ಬರು ಮೂವರು ಸೇರಿ ತಳ್ಳಿದರು. ಸರಳು ಬಾಗಿತೇ ಹೊರತು ಮುಂದೆ ಹೋಗಲಿಲ್ಲ.

ಮಗಳು ನೀರು ಚಿಮ್ಮಿಸಿ ಕಟ್ಟಿದ ಲೈನ್ ಬಿಡಿಸುವ ಗಾಡಿಯ ಚಾಲಕನಿಗೆ ಫೋನ್ ಮಾಡಿದಳು. ಊರ ಹೊರಗೆ, ಹೊಲಸು ನೀರು ಶುದ್ಧ ಮಾಡುವ ಕೊಳಗಳ ಹತ್ತಿರ ಅವಳೇ ಮೇಲ್ವಿಚಾರಕಿ.

“ಗಾಡಿ ತರ್ತೀನಿ ಮೇಡಂ,” ಎಂದ ಚಾಲಕ. “ಆದ್ರೆ ನಿಮ್ಮ ಬೀದಿಯೊಳಗೆ ಈಗ ಸೈಕಲ್ಲೂ ನುಗ್ಗಲ್ವಂತೆ. ನನ್ನ ಗಾಡಿಗೆ ರೆಕ್ಕೆ ಇಲ್ಲ.”

ಅವಳು ಫೋನ್ ಇಟ್ಟು ತಿರುಗಿದಾಗ ಕೊಕ್ಕೆ ಕೆಳಗಿನ ಗುಂಡಿಯ ಮುಚ್ಚಳವನ್ನು ಪೂರ್ತಿ ಸರಿಸಿ, ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ.

“ಏನ್ಮಾಡ್ತಿದೀಯಾ?”

“ಕೆಳಗಿನ ಗುಂಡೀಲಿ ನೀರಿಲ್ಲ. ಇಳಿದ್ರೆ ಕಟ್ಟಿರೋದು ಕೈಗೇ ಸಿಗುತ್ತೆ. ಎಳೆದು ಹಾಕಿ ಬಂದ್ಬಿಡ್ತೀನಿ.”

“ಬೇಡ.”

“ಒಂದು ಸಲ ಪುಟ್ಟಿ. ಮೇಸ್ತ್ರಿಗೋಸ್ಕರ.”

“ನಿನ್ನ ಜೊತೆ ಪುಟ್ಟಿ ಮಾತಾಡ್ತಿಲ್ಲ. ಮೇಡಂ ಹೇಳ್ತಿದಾಳೆ, ಹಗ್ಗ ಬಿಚ್ಚು.”

ಚಿಕ್ಕಪ್ಪ ನಡುವೆ ಬಂದರು. “ಅವನೇ ಇಳೀತೀನಿ ಅಂತಿದಾನಲ್ಲ, ನೀನ್ಯಾಕೆ ಕಾನೂನು ಮಾತಾಡ್ತೀಯ? ನಿಮ್ಮಮ್ಮನ ಮುಖ ನೋಡಿದ್ಯಾ? ಇಡೀ ಊರು ಬಂದಿರೋ ಹೊತ್ತಲ್ಲಿ ಹಿತ್ತಲು ನಾರ್ತಿದೆ.”

ಸುತ್ತ ನಿಂತವರಲ್ಲಿ ಕೆಲವರು ಹೌದೆಂದರು. ಹಿಂದೆಯೆಲ್ಲ ಇಳಿಯುತ್ತಲೇ ಇದ್ದರಲ್ಲ ಎಂದರು. ಕೊಕ್ಕೆ ಗುಂಡಿಯ ಅಂಚಿನಲ್ಲಿ ಕೂತು ಒಂದು ಕಾಲನ್ನು ಒಳಗೆ ಬಿಟ್ಟ.

*

ಮೇಸ್ತ್ರಿಯವರ ತಾಯಿಯ ಕಾಲದಲ್ಲಿ ಈ ಊರಿಗೆ ಕೊಳವೆಗಳಿರಲಿಲ್ಲ. ಆಕೆ ಬೆಳಕು ಹರಿಯುವ ಮೊದಲೇ ಮನೆಮನೆಯ ಹಿಂಬಾಗಿಲಿಗೆ ಹೋಗಿ, ಊರು ನೋಡಲೊಲ್ಲದ್ದನ್ನು ಬಕೆಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಊರಾಚೆ ಸುರಿದು ಬರುತ್ತಿದ್ದಳು. ಕೊಳವೆ ಹಾಕಿದ ವರ್ಷ ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕೂತು, ದೇವರಿಗೆ ಕೈಮುಗಿದಳು. ತಲೆಯ ಮೇಲಿನ ಹೊರೆ ಇಳಿಯಿತೆಂದು ಮನೆಯವರೆಲ್ಲ ನಕ್ಕರು. ಆ ಹೊರೆ ನೆಲದೊಳಗೆ ಹೋಗಿದೆ, ಅದರ ಹಿಂದೆ ಮಗ ಇಳಿಯಬೇಕಾಗುತ್ತದೆ ಎಂದು ಆಕೆಗೆ ತಿಳಿದಿರಲಿಲ್ಲ.

ಮಗ ಕೆಲಸಕ್ಕೆ ಸೇರಿದಾಗ ಇಬ್ಬಿಬ್ಬರ ಜೋಡಿ. ಒಬ್ಬ ಇಳಿಯಬೇಕು, ಇನ್ನೊಬ್ಬ ಮೇಲೆ ಹಗ್ಗ ಹಿಡಿಯಬೇಕು. ಅವರ ಜೋಡಿ ಕೊಕ್ಕೆಯ ಅಣ್ಣ. ಏನನ್ನಾದರೂ ಹಾಡಿಕೊಂಡೇ ಇಳಿಯುವವನು. ಒಂದು ಬೆಳಿಗ್ಗೆ ಹಾಡು ಅರ್ಧಕ್ಕೆ ನಿಂತಿತು. ಕೆಳಗಿನ ಕೆಟ್ಟ ಗಾಳಿಗೆ ಬಣ್ಣವೂ ಇಲ್ಲ, ಸದ್ದೂ ಇಲ್ಲ. ಹಗ್ಗ ಎಳೆದು ಮೇಲೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಂದಿನಿಂದ ಮೇಸ್ತ್ರಿಯವರು ಗುಂಡಿಗೆ ಇಳಿಯಲಿಲ್ಲ. ಇನ್ನೊಬ್ಬರನ್ನು ಇಳಿಯಗೊಡಲೂ ಇಲ್ಲ. ಒಮ್ಮೆ ದೊಡ್ಡ ಅಧಿಕಾರಿಗಳ ಬಡಾವಣೆಯಲ್ಲಿ ಲೈನ್ ಕಟ್ಟಿತು. ಯಾರನ್ನಾದರೂ ಇಳಿಸು ಎಂದು ಸಾಹೇಬರು ಆಜ್ಞೆ ಮಾಡಿದರು. ಮೇಸ್ತ್ರಿ ಗುಂಡಿಯ ಮುಚ್ಚಳ ಮುಚ್ಚಿ, ಅದರ ಮೇಲೆ ಕಾಲು ಮಡಿಸಿ ಕೂತು, ಊಟದ ಡಬ್ಬಿ ಬಿಚ್ಚಿದರು.

“ಏಳಯ್ಯ ಮೇಲೆ.”

“ಏಳ್ತೀನಿ ಸಾರ್. ಮಿಷನ್ ತರಿಸಿ.”

“ಈ ಊರಲ್ಲಿ ಮಿಷನ್ ಎಲ್ಲಿದೆಯೋ?”

“ಹಾಗಾದ್ರೆ ಇಲ್ಲೇ ಇರ್ತೀನಿ ಸಾರ್. ತಮಗೂ ಒಂದು ಕುರ್ಚಿ ಹಾಕಿಸ್ಲಾ?”

ಬೇರೆ ಊರಿನಿಂದ ಮಿಷನ್ ಬರುವವರೆಗೆ ಅವರು ಏಳಲಿಲ್ಲ. ಆ ತಪ್ಪಿಗೆ ಅವರನ್ನು ಊರಾಚೆಯ ಕೊಳಗಳ ಕೆಲಸಕ್ಕೆ ಎತ್ತಿ ಹಾಕಿದರು. ಮುಚ್ಚಳದ ಮೇಸ್ತ್ರಿ ಎಂಬ ಹೆಸರು ಬೆನ್ನಿಗೆ ಬಂತು. ಪೇಟೆಯಲ್ಲಿ ಯಾರಾದರೂ, “ಏನ್ ಮೇಸ್ತ್ರಿ, ಇವತ್ತು ಸಿಂಹಾಸನ ಯಾವ ಬೀದೀಲಿ?” ಎಂದು ಕೆಣಕಿದರೆ, “ನಿಮ್ಮ ಬೀದೀಲೇ ಸ್ವಾಮಿ, ಬನ್ನಿ, ಜಾಗ ಇದೆ,” ಎನ್ನುತ್ತಿದ್ದರು.

ಕೊಳಗಳ ಕೆಲಸ ಅವರಿಗೆ ಒಗ್ಗಿತು. ಮೊದಲ ಕೊಳದಲ್ಲಿ ಮಡ್ಡಿ ತಳಕ್ಕೆ ಕೂರುತ್ತಿತ್ತು, ಮುಂದಿನದರಲ್ಲಿ ನೀರಿಗೆ ಗಾಳಿ ಊದುತ್ತಿದ್ದರು, ಕೊನೆಯ ಕಾಲುವೆಯಿಂದ ತಿಳಿನೀರು ನದಿಗೆ ಬೀಳುತ್ತಿತ್ತು. ನಾಲ್ಕಾರು ವರ್ಷಗಳಲ್ಲಿ ಊರಿಗೂ ಒಂದು ಮಿಷನ್ ಗಾಡಿ ಬಂತು. ಅದನ್ನು ಓಡಿಸಿ ತೋರಿಸಿದ ದಿನ ಮೇಸ್ತ್ರಿಯವರು ಕೊಕ್ಕೆಯನ್ನು ಪಕ್ಕಕ್ಕೆ ಕರೆದು, “ಸ್ವಲ್ಪ ಮುಂಚೆ ಬಂದಿದ್ರೆ ನಿಮ್ಮಣ್ಣ ಇರ್ತಿದ್ದ ಕಣೋ,” ಎಂದರು. ಮತ್ತೆ ಆ ಮಾತು ಎತ್ತಲಿಲ್ಲ.

*

“ಕಾಲು ಮೇಲೆ ತಗೋ.”

ಜನ ತಿರುಗಿ ನೋಡಿದರು. ಮೇಸ್ತ್ರಿಯವರ ಹೆಂಡತಿ ಅಡುಗೆಮನೆಯ ಮಣೆಯನ್ನು ಕಂಕುಳಲ್ಲಿಟ್ಟುಕೊಂಡು ಇಳಿಜಾರಿನಲ್ಲಿ ನಿಧಾನವಾಗಿ ಬರುತ್ತಿದ್ದಳು. ಬೆಳಗಿನಿಂದ ಮನೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ.

ಕೊಕ್ಕೆ ಕಾಲು ತೆಗೆದ. “ಅತ್ತಿಗೆ, ನಿಮ್ಮ ಹಿತ್ತಲು…”

“ನನ್ನ ಹಿತ್ತಲು ನನಗೆ ಗೊತ್ತು. ಮುಚ್ಚಳ ಎಳಿ.”

ಅವನು ಎಳೆದ. ಆಕೆ ಮುಚ್ಚಳದ ಮೇಲೆ ಮಣೆ ಹಾಕಿ, ಮಂಡಿ ಹಿಡಿದುಕೊಂಡು ಕೂತಳು.

“ಅತ್ತಿಗೆ, ಏನಿದು?” ಎಂದರು ಚಿಕ್ಕಪ್ಪ. “ಶುದ್ಧ ಆಗ್ಬೇಕು ಅಂದವರು ನೀವೇ.”

“ಈಗಲೂ ಅದನ್ನೇ ಅಂತೀನಿ.” ಆಕೆ ಉಸಿರು ತಿರುಗಿಸಿಕೊಂಡಳು. “ಇವನಣ್ಣ ಸತ್ತ ದಿನ ಅವರು ಬಂದು ಹಿತ್ತಲಲ್ಲಿ ನಿಂತು ಸ್ನಾನ ಮಾಡಿದ್ರು. ಹಂಡೆ ಖಾಲಿಯಾಯ್ತು, ಮತ್ತೆ ಕಾಯಿಸಿ ಕೊಟ್ಟೆ, ಅದೂ ಖಾಲಿಯಾಯ್ತು. ಕೈ ಉಜ್ಜಿದ್ದೇ ಉಜ್ಜಿದ್ದು, ಒಳಗೆ ಬರೋಕೇ ಒಪ್ಲಿಲ್ಲ. ಅಂಥ ಸ್ನಾನ ನಾನು ಇವತ್ತು ಅವರಿಗೆ ಮಾಡಿಸಲ್ಲ. ಗಾಡಿ ಬರ್ಲಿ.”

ಕೊಕ್ಕೆ ಮುಖ ತಿರುಗಿಸಿ ಸೊಂಟದ ಗಂಟು ಬಿಚ್ಚತೊಡಗಿದ. ಗಂಟು ಬೇಗ ಸಡಿಲವಾಗಲಿಲ್ಲ.

ಎದುರುಮನೆಯ ಅಜ್ಜಿ ಕಟ್ಟೆಯ ಮೇಲಿಂದಲೇ ಗದರಿದಳು. “ಏನ್ರೋ ಬೊಂಬೆ ಹಾಗೆ ನಿಂತಿದೀರಿ? ಗಾಡಿ ಬರ್ಬೇಕು ಅಂದ್ರೆ ನಿಮ್ಮ ಗಾಡಿ ತೆಗೀಬೇಕು, ಅಷ್ಟೂ ತಿಳಿಯಲ್ವಾ? ಏ ಕನ್ನಡಕದವನೇ, ಆ ಕೆಂಪು ಕಾರು ನಿಂದೇ ತಾನೆ?”

“ಹಿಂದೆ ಮೂರು ಕಾರಿದೆ ಅಜ್ಜಿ.”

“ಅವರಿಗೂ ನಾನೇ ಹೇಳ್ಬೇಕಾ? ಬಾಯಿ ಇಲ್ವಾ ನಿಂಗೆ?”

ಸಾವಿನ ಮನೆಯ ಮುಂದೆಯೂ ಒಂದಿಬ್ಬರು ನಕ್ಕರು. ಮಗಳು ಇಳಿಜಾರಿನ ತುದಿಗೆ ಓಡಿ, ಅಡ್ಡರಸ್ತೆಯಲ್ಲಿ ನಿಂತು, ಒಂದೊಂದೇ ಗಾಡಿಯನ್ನು ಹೊರಗೆ ಬಿಡತೊಡಗಿದಳು. ಸ್ಕೂಟರುಗಳನ್ನು ಎತ್ತಿ ಕಟ್ಟೆಗಳ ಮೇಲಿಟ್ಟರು. ಬೀಗ ಹಾಕಿದ್ದ ಒಂದು ಆಟೋವನ್ನು ಆರು ಜನ ಹೊತ್ತುಕೊಂಡೇ ಹೋದರು. ಅದರ ಮಾಲೀಕ ಬೀಗದ ಕೈ ಎತ್ತಿ ಹಿಡಿದು, “ಇಲ್ಲೇ ಇದೀನಪ್ಪಾ, ಇಲ್ಲೇ ಇದೀನಿ,” ಎನ್ನುತ್ತ ಹಿಂದೆ ಓಡಿದ.

ಮೇಲಿನ ಮನೆಗಳವರು ನೀರು ಬಿಟ್ಟರೆ ಗುಂಡಿ ಉಕ್ಕುತ್ತದೆ. ನೀರು ಬಿಡಬೇಡಿ ಎಂದು ಅಜ್ಜಿ ಪಕ್ಕದ ಮನೆಯ ಕಿಟಕಿಗೆ ಹೇಳಿದಳು, ಆ ಕಿಟಕಿ ಮುಂದಿನದಕ್ಕೆ ಹೇಳಿತು. ಬಟ್ಟೆ ಒಗೆಯುತ್ತಿದ್ದವರು ಅರ್ಧಕ್ಕೇ ಕೈ ತೆಗೆದು, ನೊರೆಯ ಕೈಯಲ್ಲಿ ಬಾಗಿಲಿಗೆ ಬಂದು ನಿಂತರು. ಬೀದಿಯಲ್ಲಿ ಒಂದು ನಲ್ಲಿಯೂ ಸದ್ದು ಮಾಡಲಿಲ್ಲ.

“ನನ್ನ ಮಗಳ ಮದುವೆ ಹಿಂದಿನ ದಿನ ಮೇಸ್ತ್ರಿ ಇಲ್ಲಿ ಮುಚ್ಚಳ ತೆಗೆಸ್ತಿದ್ರು,” ಎಂದಳು ಅಜ್ಜಿ, ಕಟ್ಟೆಯಿಂದ ಇಳಿದು ಬಂದು. “ಶುಭಕಾರ್ಯದ ಮನೆ ಮುಂದೆ ಇದೇನು ಕೊಳಕು ಅಂತ ಬೈದಿದ್ದೆ. ಯಾಕೆ ಅಂತ ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ.”

“ಬೈದ್ರಿ ಅಂತ ಮನೇಲಿ ಹೇಳಿದ್ರು,” ಎಂದಳು ಮಣೆಯ ಮೇಲೆ ಕೂತವಳು. “ಅಜ್ಜಿ ಗಂಟಲು ಪೇಟೆವರೆಗೂ ಕೇಳುತ್ತೆ ಅಂತ ನಕ್ಕರು.”

ಅಜ್ಜಿ ಅವಳ ಪಕ್ಕದಲ್ಲಿ ನೆಲದ ಮೇಲೇ ಕೂತಳು.

ಅಷ್ಟರಲ್ಲಿ ಚಿಕ್ಕಪ್ಪ ಗೋಡೆಯ ಬದಿಗೆ ಹೋಗಿ ಸ್ಮಶಾನದ ಕಾವಲುಗಾರನಿಗೆ ಫೋನ್ ಮಾಡಿದ್ದರು. ಮಾತು ಮುಗಿಸಿ ಬಂದವರ ದನಿ ಬದಲಾಗಿತ್ತು. “ತಡ ಆಗುತ್ತೆ ಅಂದೆ. ಯಾರದು ಅಂತ ಕೇಳ್ದ. ಮುಚ್ಚಳದ ಮೇಸ್ತ್ರೀದು ಅಂದೆ ಅತ್ತಿಗೆ. ಅವರಿಗೆ ನಾನು ಗೇಟು ಹಾಕ್ತೀನಾ, ಎಷ್ಟು ಹೊತ್ತಾದ್ರೂ ಬನ್ನಿ ಅಂದ.”

ಅಣ್ಣನ ಆ ಹೆಸರನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಗಾಡಿ ಹಿಮ್ಮುಖವಾಗಿ ಬೀದಿಯನ್ನು ಹೊಕ್ಕಿತು. ಆಗ ಆಕೆ ಎದ್ದಳು. ಕೊಕ್ಕೆ ಮುಚ್ಚಳ ತೆಗೆದ. ಚಾಲಕ ಕೆಳಗಿನ ಗುಂಡಿಗೆ ಪೈಪು ಇಳಿಬಿಟ್ಟು ಪಂಪು ಹಾಕಿದ. ಪೈಪು ನಡುಗುತ್ತ ಕೊಳವೆಯೊಳಗೆ ಮೇಲ್ಮುಖವಾಗಿ ಹತ್ತಿತು, ನಿಂತಿತು, ಹಿಂದೆ ಸರಿದು ಮತ್ತೆ ಹತ್ತಿತು. ನೆಲದೊಳಗೆ ದೊಡ್ಡದೊಂದು ತೇಗಿನಂಥ ಸದ್ದಾಯಿತು. ಮೇಲಿನ ಗುಂಡಿಯ ನೀರು ಒಮ್ಮೆಲೇ ಕುಸಿಯಿತು. ಗೋಣಿಚೀಲ, ಇಟ್ಟಿಗೆಯ ಚೂರು, ಯಾವುದೋ ಕಾಲದ ಕಂಬಳಿಯ ತುಂಡು ಕೆಳಗಿನ ಗುಂಡಿಗೆ ಬಂದು ಬಿದ್ದವು. ಕೊಕ್ಕೆ ಗುಂಡಿಯ ಅಂಚಿನಲ್ಲಿ ನಿಂತೇ, ಹಗ್ಗಕ್ಕೆ ತನ್ನ ಕಬ್ಬಿಣದ ಕೊಕ್ಕೆ ಕಟ್ಟಿ, ಅವನ್ನು ಒಂದೊಂದಾಗಿ ಎತ್ತಿ ಹಾಕಿದ. ಇಳಿದಿದ್ದರೆ ಅಷ್ಟೂ ನೀರು ಅವನ ಮೇಲೆಯೇ ಬರುತ್ತಿತ್ತು. ಅದನ್ನು ಎಲ್ಲರೂ ನೋಡಿದರು.

ಹಿತ್ತಲನ್ನು ಹೆಂಡತಿ ತಾನೇ ತೊಳೆದಳು. ಬೇರೆಯವರು ಪೊರಕೆಗೆ ಕೈ ಚಾಚಿದರೂ ಕೊಡಲಿಲ್ಲ. ಬೆಂಚನ್ನು ಮತ್ತೆ ಹೊರಗೆ ತಂದು, ಬಿಸಿನೀರಿನಲ್ಲಿ ಅವರಿಗೆ ಸ್ನಾನವಾಯಿತು. ಸುರಿದ ನೀರು ಕಲ್ಲುಹಾಸಿನ ಮೇಲೆ ಹರಿದು, ಜಾಲರಿಯೊಳಗೆ ಇಳಿದು, ಸದ್ದಿಲ್ಲದೆ ಹೊರಟುಹೋಯಿತು. ಹಿರಿಯರೊಬ್ಬರು ದೇವರ ಹೆಸರು ಹೇಳಿದರು, ಎಲ್ಲರೂ ಕೈಮುಗಿದರು.

ಚಟ್ಟದ ಮುಂದಿನ ಬಲಗಡೆ ಹೆಗಲು ಕೊಡುವವನು ಕೊಕ್ಕೆ ಎಂದು ಬೆಳಿಗ್ಗೆಯೇ ನಿಶ್ಚಯವಾಗಿತ್ತು. ಅವನು ಬರಲಿಲ್ಲ.

“ಕೆಳಗಿನ ಗುಂಡಿ ಇನ್ನೂ ತೆರೆದಿದೆ ಪುಟ್ಟಿ,” ಎಂದ ಹೊರಗಿನಿಂದಲೇ. “ಹೊಲಸು ಗಾಳಿ ಹೋಗೋವರೆಗೆ ಮುಚ್ಚೋ ಹಾಗಿಲ್ಲ. ಜನ ಮೇಸ್ತ್ರಿ ಮುಖ ನೋಡ್ತಾ ಬರ್ತಾರೆ, ನೆಲ ಯಾರು ನೋಡ್ತಾರೆ? ನಾನು ನಿಲ್ತೀನಿ. ನೀನು ಹೆಗಲು ಕೊಡು.”

“ಬೇರೆ ಯಾರನ್ನಾದ್ರೂ ನಿಲ್ಸೋಣ ಮಾಮ.”

“ಬೇಡ ಮೇಡಂ,” ಎಂದ.

ಅವಳು ಒಳಗೆ ಹೋಗಿ ಅವನ ಜಾಗದಲ್ಲಿ ಹೆಗಲು ಕೊಟ್ಟಳು.

ಮೆರವಣಿಗೆ ಇಳಿಜಾರಿನಲ್ಲಿ ಹೊರಟಿತು. ಕಟ್ಟೆಗಳ ಮೇಲೆ, ಕಿಟಕಿಗಳಲ್ಲಿ ಜನ ಎದ್ದು ನಿಂತಿದ್ದರು. ಬೀದಿಯ ನಡುವೆ ಗುಂಡಿಗೆ ಬೆನ್ನು ಕೊಟ್ಟು ಕೊಕ್ಕೆ ಎರಡೂ ಕೈ ಅಗಲಕ್ಕೆ ಚಾಚಿ ನಿಂತಿದ್ದ. ಜನ ಅವನ ಹತ್ತಿರ ಬಂದು ಇಬ್ಭಾಗವಾಗಿ, ಎಡಕ್ಕೂ ಬಲಕ್ಕೂ ಸರಿದು ದಾಟಿದರು. ಅವನ ಹಿಂದೆ, ನೆಲದೊಳಗೆ, ಇಡೀ ಬೀದಿಯ ನೀರು ಓಡುವ ಸದ್ದು ಕೇಳುತ್ತಿತ್ತು. ಮೇಸ್ತ್ರಿ ಅವನ ಕಿವಿಯ ಪಕ್ಕದಲ್ಲೇ ಹಾದುಹೋದರು. ಕೊನೆಯ ಮುದುಕಿ ಕೋಲೂರಿಕೊಂಡು ದಾಟುವವರೆಗೂ ಅವನ ಕೈಗಳು ಚಾಚಿಯೇ ಇದ್ದವು. ಕೆನ್ನೆಯ ಮೇಲೆ ಇಳಿಯುತ್ತಿದ್ದುದನ್ನು ಒರೆಸಿಕೊಳ್ಳಲು ಅವನು ಒಂದನ್ನೂ ಇಳಿಸಲಿಲ್ಲ.