ಮಧುಗಿರಿಯ ದಾಳಿಂಬೆ

ಸವತಿ ಬದುಕಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದು. ಸತ್ತವಳ ಜೊತೆ ಏನು ಮಾಡುವುದು? ಅದರಲ್ಲೂ ಅವಳು ಹೋಗುವಾಗ ಅಂಗಳದಲ್ಲೊಂದು ದಾಳಿಂಬೆ ಗಿಡ ಬಿಟ್ಟು ಹೋಗಿದ್ದರೆ? ಮುಂಬಯಿಯ ವಿಲೆ ಪಾರ್ಲೆಯ ಆ ಮನೆಗೆ ಎರಡನೆಯ ಹೆಂಡತಿಯಾಗಿ ಬಂದ ಪುಟ್ಟಲಕ್ಷ್ಮಿಗೆ ನಾಲ್ಕು ವರ್ಷದಿಂದ ಇದೇ ಸಂಕಟ.

ಗಿಡ ತಂದವಳು ಮೊದಲ ಹೆಂಡತಿ ಅಮ್ಮಣ್ಣಿ. ಮಧುಗಿರಿಯ ತವರಿನಿಂದ ಎಣ್ಣೆ ಡಬ್ಬದಲ್ಲಿ ಸಸಿಯಿಟ್ಟುಕೊಂಡು, ರೈಲಿನಲ್ಲಿ ಎರಡು ದಿನ ಮಡಿಲಿನಿಂದ ಇಳಿಸದೆ ತಂದು ನೆಟ್ಟಳಂತೆ. ಮೂರನೆಯ ವರ್ಷ ಜ್ವರ ಬಂದು ತೀರಿಕೊಂಡಳು. ಗಿಡಕ್ಕೆ ಮಾತ್ರ ಮುಂಬಯಿಯ ನೀರು ಚೆನ್ನಾಗಿ ಒಗ್ಗಿತು. ಆಳೆತ್ತರ ಬೆಳೆದು, ಎಲೆಯೋ ಎಲೆ. ಹಣ್ಣು ಅನ್ನುವುದು ಒಂದೂ ಇಲ್ಲ. ಆದರೂ ಗಂಡ ಕೇಶವಮೂರ್ತಿ ಆಫೀಸಿಗೆ ಹೊರಡುವ ಮೊದಲು ದಿನಾ ಎರಡು ಕೊಡ ನೀರು ಹಾಕಿಯೇ ಲೋಕಲ್ ರೈಲು ಹಿಡಿಯಲು ಓಡುತ್ತಿದ್ದ. ಪುಟ್ಟಲಕ್ಷ್ಮಿ ಹೊಸ ಸೀರೆ ಉಟ್ಟರೆ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಗಿಡದಲ್ಲಿ ಒಂದೆಲೆ ಹಳದಿಯಾದರೆ ಬೀಳುತ್ತಿತ್ತು.

ಪಕ್ಕದ ಮನೆಯ ವಾರಿಜಾ ಉಡುಪಿ ಕಡೆಯವಳು. ಗಂಡನಿಗೆ ದಾದರಿನಲ್ಲಿ ಹೋಟೆಲು. ಅವಳು ಬೇರೆ ಬೇಲಿಯಾಚೆ ನಿಂತು ಗಾಯಕ್ಕೆ ಉಪ್ಪು ಸವರುತ್ತಿದ್ದಳು. “ಅಮ್ಮಣ್ಣಿಯಕ್ಕನ ಗಿಡ ಎಷ್ಟು ಚಂದ ಬೆಳೆದಿದೆ ಮಾರಾಯ್ತಿ!”

ಪುಟ್ಟಲಕ್ಷ್ಮಿಗೆ ಮೈಯೆಲ್ಲ ಉರಿ. ಒಲೆ ಅಮ್ಮಣ್ಣಿಯದು, ಪಾತ್ರೆ ಅಮ್ಮಣ್ಣಿಯದು, ಗಂಡನೂ ಮೊದಲು ಅವಳವನೇ. ಈ ಮನೆಯಲ್ಲಿ ತನ್ನದು ಅನ್ನುವುದು ಏನಿದೆ?

ಆ ವರ್ಷ ದೀಪಾವಳಿ ಮುಗಿದ ಕೂಡಲೇ ಕೇಶವಮೂರ್ತಿಯನ್ನು ಆಫೀಸಿನವರು ಎರಡು ತಿಂಗಳ ಮಟ್ಟಿಗೆ ನಾಗಪುರಕ್ಕೆ ಹಾಕಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ: “ಗಿಡಕ್ಕೆ ನೀರು ಮರೀಬೇಡ ಕಣೆ. ಎರಡು ಕೊಡ.”

“ಆಯ್ತು ರೀ, ಮರೆಯೋದುಂಟೆ?” ಅಂದಳು. ಮರೆಯಲಿಲ್ಲ. ಮರುದಿನದಿಂದ ನೆನಪಿಟ್ಟುಕೊಂಡೇ ಒಂದು ಹನಿಯನ್ನೂ ಹಾಕಲಿಲ್ಲ.

ಎಲೆ ಬಾಡಿತು, ಹಳದಿಯಾಯಿತು, ಉದುರಿತು. ದಿನಾ ಬೆಳಿಗ್ಗೆ ಎದ್ದು ಅದನ್ನು ನೋಡುವುದೇ ಅವಳಿಗೊಂದು ಹಬ್ಬ. ಅಷ್ಟಕ್ಕೂ ಸಾಲದೆ ದೋಸೆ ಮಗುಚುವ ಸಟ್ಟುಗದಿಂದ ಬುಡದ ಮಣ್ಣು ಕೆರೆದು ಬೇರನ್ನು ಬಿಸಿಲಿಗೆ ಬಿಟ್ಟಳು. “ನೀರು ಹಾಕುದಿಲ್ವಾ?” ಎಂದು ವಾರಿಜಾ ಕೇಳಿದರೆ, “ನಲ್ಲೀಲಿ ಬಂದರೆ ತಾನೆ?” ಎಂದು ಹಸಿ ಸುಳ್ಳು ಹೇಳಿದಳು.

ಧನುರ್ಮಾಸದಲ್ಲಿ ಗಂಡನ ಕಾರ್ಡು ಬಂತು. “ಸಂಕ್ರಾಂತಿಗೆ ಬರುತ್ತೇನೆ. ಗಿಡ ಹೇಗಿದೆ? ನೀನೂ ಕ್ಷೇಮವೆಂದು ನಂಬಿದ್ದೇನೆ.” ಮೊದಲು ಗಿಡ, ಆಮೇಲೆ ತಾನು! ಕಾರ್ಡನ್ನು ಒಲೆಗೆ ಹಾಕಬೇಕೆನಿಸಿತು. ಆದರೆ ಅಂಗಳದಲ್ಲಿ ನಿಂತಿದ್ದ ಬರೀ ಕಡ್ಡಿಗಳನ್ನು ಕಂಡಾಗ ಎದೆ ಧಸಕ್ಕೆಂದಿತು. ಅಮ್ಮಣ್ಣಿಯನ್ನು ಎರಡನೆಯ ಸಲ ಕೊಂದವಳು ನೀನು, ನಡಿ ನಿನ್ನ ತವರಿಗೆ ಅಂದುಬಿಟ್ಟರೆ? ಬಿದ್ದಂಬೀಳ ಬುಡಕ್ಕೆ ಮಣ್ಣು ಮುಚ್ಚಿದಳು. ಹಾಲಿನ ಭಯ್ಯಾನಿಂದ ಎಮ್ಮೆ ಗೊಬ್ಬರ ತರಿಸಿ ಸುರಿದಳು. ದಿನಾ ನಾಲ್ಕು ಕೊಡ ನೀರು ಹೊತ್ತಳು.

ಕೇಶವಮೂರ್ತಿ ಬಂದವನು ಚಪ್ಪಲಿಯನ್ನೂ ಬಿಡದೆ ಗಿಡದ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಕೈಕಾಲು ತೊಳೆಯಲು ಬಚ್ಚಲಿಗೆ ಹೋದ. ಬೈದಿದ್ದರೇ ಚೆನ್ನಾಗಿತ್ತು.

ಹದಿನೈದು ದಿನಕ್ಕೆ ಕಡ್ಡಿಯಲ್ಲಿ ಕೆಂಪು ಚಿಗುರು ಕಂಡಿತು. ಶಿವರಾತ್ರಿಯ ಹೊತ್ತಿಗೆ ಗಿಡದ ತುಂಬ ಹೂವು. ಒಂಬತ್ತು ಕಾಯಿ ನಿಂತವು. ಜೂನಿನ ಮಳೆ ಹೊಡೆತಕ್ಕೆ ಎಂಟು ಬಿರಿದು ಕೊಳೆತು ಬಿದ್ದವು. ಉಳಿದದ್ದು ಒಂದೇ ಹಣ್ಣು.

ಕೇಶವಮೂರ್ತಿ ಅದನ್ನು ಕಿತ್ತು ತಂದು, ಅಡುಗೆಮನೆಯಲ್ಲಿ ಕೂತು, ಪೇಪರಿನಲ್ಲಿ ಸುತ್ತತೊಡಗಿದ. “ನಮ್ಮ ಆಫೀಸಿನ ರಾಮಸ್ವಾಮಿ ನಾಳೆ ಊರಿಗೆ ಹೊರಟಿದ್ದಾನೆ. ಅವನ ಕೈಲಿ ಮಧುಗಿರಿಗೆ ಕಳಿಸೋಣ. ಅಮ್ಮಣ್ಣಿಯ ತಾಯಿ ತಿನ್ನಲಿ.” ಪೇಪರಿನ ಮಡಿಕೆ ಒತ್ತುತ್ತ ಹೇಳಿದ. “ಅವರು ಪ್ರತಿ ವರ್ಷ ಬರೀತಿದ್ರು ಪುಟ್ಟೂ. ದೀಪಾವಳಿ ಆದ್ಮೇಲೆ ನೀರು ನಿಲ್ಲಿಸಿ, ಬುಡ ಬಿಡಿಸಿ, ಎಲೆಯೆಲ್ಲ ಉದುರಿದ ಮೇಲೇ ಹೂವು ಅಂತ. ನಮ್ಮ ಕಡೆ ಆ ಕೆಲಸಾನ ಒಣ ಹವಾನೇ ಮಾಡುತ್ತೆ, ಈ ಸಮುದ್ರದೂರಲ್ಲಿ ನಾವೇ ಮಾಡ್ಬೇಕು. ಅಮ್ಮಣ್ಣಿಗೆ ಮನಸ್ಸು ಬರಲಿಲ್ಲ, ನನಗೂ ಬರಲಿಲ್ಲ. ನೀನು ಆ ಕಾಗದಗಳನ್ನ ಹುಡುಕಿ ಓದಿ, ಅವಳಿಗೋಸ್ಕರ ಇಷ್ಟು ಮಾಡಿದೆಯಲ್ಲ!”

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಗಂಡನ ಕಣ್ಣಿಗೆ ದೇವತೆಯಾಗಿಬಿಡುತ್ತಿದ್ದಳು. ಆದರೆ ಅವಳಿಗೋಸ್ಕರ! ನಾಲ್ಕು ವರ್ಷದಲ್ಲಿ ತಾನು ಮನಸಾರೆ ಮಾಡಿದ ಒಂದೇ ಒಂದು ಕೆಲಸ, ಅದೂ ಅಮ್ಮಣ್ಣಿಯ ಪಾಲಿಗೇ ಹೋಗಬೇಕೆ?

“ಯಾವ ಕಾಗದಾನೂ ಓದಿಲ್ಲ,” ಅಂದಳು. “ಸಾಯ್ಲಿ ಅಂತ ನೀರು ನಿಲ್ಲಿಸ್ದೆ. ಸಾಯ್ಲಿ ಅಂತಾನೇ ಬೇರು ಕೆರೆದೆ. ನೀವು ಬರ್ತೀರಿ ಅಂತ ಹೆದರಿ ನೀರು ಹಾಕ್ದೆ. ಅವಳಿಗೋಸ್ಕರ ನಾನು ಕಡ್ಡೀನೂ ಅಲ್ಲಾಡ್ಸಿಲ್ಲ. ಕಳಿಸೋದಾದ್ರೆ ನನ್ನನ್ನೂ ಅದರ ಜೊತೆಗೇ ಕಳಿಸ್ಬಿಡಿ!”

ಕೇಶವಮೂರ್ತಿಯ ಕೈ ಪೇಪರಿನ ಮೇಲೇ ನಿಂತಿತು. ಮುಖ ಕೆಂಪಾಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲವೋ ಏನೋ, ಅವಳನ್ನು ನೆಟ್ಟ ಕಣ್ಣಿನಿಂದ ನೋಡಿದ. ಕೊನೆಗೆ ಸುತ್ತಿದ್ದ ಪೇಪರನ್ನು ಬಿಚ್ಚಿ ಹಣ್ಣನ್ನು ಅವಳ ಮುಂದಿಟ್ಟ.

“ಹಾಗಾದ್ರೆ ಇದು ನಿಂದೇ,” ಎಂದು ಎದ್ದು ಹೋದ.

ಪುಟ್ಟಲಕ್ಷ್ಮಿ ಅಲ್ಲೇ ಕೂತು ಬಿಡಿಸಿದಳು. ಕಾಳು ಬಿಳಿಚಿಕೊಂಡಿದ್ದವು, ಹಲ್ಲು ಚುಳ್ಳೆನ್ನುವಷ್ಟು ಹುಳಿ. ಗಂಡನಿಗೂ ಒಂದು ಕಾಳು ಇಡದೆ ಅಷ್ಟನ್ನೂ ತಿಂದಳು. ಮರುದಿನ ಅವನು ಆಫೀಸಿಗೆ ಹೋದ ಮೇಲೆ ಒಂದು ಕಾರ್ಡು ತೆಗೆದುಕೊಂಡು, ಕಂಡೇ ಇರದ ಆ ಮಧುಗಿರಿಯ ಮುದುಕಿಗೆ ಬರೆದಳು:

“ನಿಮ್ಮ ಗಿಡ ಹಣ್ಣು ಬಿಟ್ಟಿತು. ನೀರು ನಿಲ್ಲಿಸಿದವಳು ನಾನು. ಹಣ್ಣನ್ನೂ ನಾನೇ ತಿಂದೆ. ಬಹಳ ಹುಳಿ. ಬರುವ ವರ್ಷ ಸಿಹಿಯಾಗಲು ಏನು ಮಾಡಬೇಕು, ತಿಳಿಸಿ. ನನ್ನ ಹೆಸರಿಗೇ ಬರೆಯಿರಿ, ಅವರ ಹೆಸರಿಗೆ ಬೇಡ.”