ಮೊಣಕಾಲ ಮೇಲಿನ ಕೈ

ಬೆಳ್ಳುಳ್ಳಿ ಹಾಕಿ ಕಾಯಿಸಿದ ಹರಳೆಣ್ಣೆಯ ವಾಸನೆ ಎಂದರೆ ಕೋಮಲಳಿಗೆ ತನ್ನ ಬಾಲ್ಯವೇ. ಪೋಲಿಯೋದಿಂದ ಸಣಕಲಾಗಿ ಉಳಿದ ಎಡಗಾಲಿಗೆ ಅವ್ವ ಗೋವಿಂದಮ್ಮ ದಿನಾ ಸಂಜೆ ಆ ಎಣ್ಣೆ ತಿಕ್ಕುತ್ತಿದ್ದಳು. ಕಾಲು ಬಲಿಯಲಿಲ್ಲ. ಆಮೇಲೆ ಅವ್ವ ಒಂದು ನಡಿಗೆಯನ್ನೇ ಕಲಿಸಿದಳು. ಎಡಗೈಯನ್ನು ಸೀರೆಯ ನೆರಿಗೆಯಲ್ಲಿ ಮರೆಮಾಡಿ ಮೊಣಕಾಲನ್ನು ಒತ್ತಿ ಹಿಡಿಯಬೇಕು, ಹೆಜ್ಜೆ ಚಿಕ್ಕದಿರಬೇಕು. ಹೆಣ್ಣು ನೋಡಲು ಬಂದವರ ಎದುರು, ಮದುವೆಮನೆಯಲ್ಲಿ, ಮೂಗೂರಿನ ಬೀದಿಯಲ್ಲಿ ಅವಳು ನಡೆದದ್ದು ಹಾಗೆಯೇ.

ನರಸೀಪುರದ ಅಂಗವಿಕಲರ ತಪಾಸಣೆ ಶಿಬಿರದಲ್ಲೂ, ದೊಡ್ಡವರ ಮುಂದೆ ಅಚ್ಚುಕಟ್ಟಾಗಿರಬೇಕೆಂದು, ಹಾಗೇ ನಡೆದಳು. ಡಾಕ್ಟರು ಮೂವತ್ತೈದು ಪರ್ಸೆಂಟ್ ಊನ ಎಂದು ಬರೆದರು. ನಲವತ್ತಿಲ್ಲದೆ ಅಂಗವಿಕಲರ ಪಿಂಚಣಿ ಇಲ್ಲ. ಅರ್ಜಿ ತಿರಸ್ಕಾರವಾಯಿತು. ಅವ್ವನ ಸೊಂಟ ಈಗ ಗದ್ದೆ ಕೆಲಸಕ್ಕೆ ಬಗ್ಗುತ್ತಿರಲಿಲ್ಲ. ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇರಲಿಲ್ಲ. ಮೇಲ್ಮನವಿ ಹಾಕಿದ ಮೇಲೆ ನಂಜನಗೂಡಿಗೆ ಮರುಪರೀಕ್ಷೆಗೆ ಕರೆ ಬಂತು. ಇಲ್ಲೂ ಆಗದಿದ್ದರೆ ಮುಂದೆ ದಾರಿಯಿಲ್ಲ.

ಆ ದಿನ ತಾಯಿ ಮಗಳು ಒಲೆ ಹಚ್ಚುವ ಮೊದಲೇ ಹೊರಟು ನಂಜನಗೂಡಿನ ಆಸ್ಪತ್ರೆಗೆ ಬಂದಿದ್ದರು. ಮಧ್ಯಾಹ್ನವಾದರೂ ಹೆಸರು ಕೂಗಿರಲಿಲ್ಲ. ಕೋಮಲ ಕರೆ ಬಂದ ಕಾಗದವನ್ನು ಮಡಿಸುತ್ತ ಬಿಚ್ಚುತ್ತ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತಿದ್ದವನು ತಾಂಡ್ಯದ ಕಡೆಯ ಮಂಟೇಸ್ವಾಮಿ. ಕಬ್ಬಿನ ಗಾಣಕ್ಕೆ ಸಿಕ್ಕಿ ಎಡಗೈ ಹೋಗಿತ್ತು.

"ಎದ್ರುಕಬ್ಯಾಡ ಕನವ್ವ," ಎಂದ. "ನಂಗೆ ಓದ್ಸಲ ಎಡಗೈ ಎಬ್ಬೆಟ್ಟೇ ಒತ್ತು ಅಂದ್ರು. ಗಾಣದೊಳಗೆ ಉಡುಕ್ಕಳಿ ಸಾ ಅಂದೆ."

ಅವ್ವ ನಕ್ಕಳು. ಕೋಮಲಳಿಗೆ ನಗು ಬರಲಿಲ್ಲ.

ಕೊನೆಗೆ ಹೆಸರು ಕೂಗಿದರು; ಅವ್ವನೂ ಜೊತೆಗೆ ಒಳಗೆ ಬಂದಳು. ಡಾಕ್ಟರಮ್ಮ, "ಬಾಗಿಲಿಂದ ಮೇಜಿನ ತನಕ ನಡೀರಿ," ಎಂದರು. ಬಾಗಿಲು ತೆರೆದೇ ಇತ್ತು. ಹೊರಗಿನ ಬೆಂಚಿನವರೆಲ್ಲ ಇತ್ತಲೇ ನೋಡುತ್ತಿದ್ದರು. ಈ ಸಲ ಮೊಣಕಾಲಿಗೆ ಕೈ ಒತ್ತಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಆದರೂ ಕೈ ತಾನಾಗಿಯೇ ನೆರಿಗೆಯೊಳಗೆ ಸೇರಿಕೊಂಡಿತು.

"ಚೆನ್ನಾಗೇ ನಡೀತೀರಲ್ಲ," ಎಂದು, ಅವಳು ಮೇಜಿಗೆ ಇನ್ನೆರಡು ಹೆಜ್ಜೆ ದೂರವಿರುವಾಗಲೇ ಅವರು ಪೆನ್ನು ತೆಗೆದುಕೊಂಡರು.

"ಇನ್ನೊಂದ್ಸಲ ನೋಡಿ ತಾಯಿ," ಎಂದಳು ಗೋವಿಂದಮ್ಮ. ಮಗಳ ಹತ್ತಿರ ಬಂದು ನೆರಿಗೆಯೊಳಗಿನ ಕೈಯನ್ನು ತಾನೇ ಬಿಡಿಸಿದಳು. "ಬುಡು ಮಗ. ಯಾರ್ ನೋಡುದ್ರೂ ನೋಡ್ಲಿ."

ಕೋಮಲ ಹೆಜ್ಜೆ ಇಟ್ಟಳು. ಮೊಣಕಾಲು ಮಡಚಿಕೊಂಡಿತು, ಮೈ ಪೂರಾ ಎಡಕ್ಕೆ ವಾಲಿತು. ಮತ್ತೊಂದು ಹೆಜ್ಜೆಗೆ ಮೇಜಿನ ಅಂಚು ಸಿಗದಿದ್ದರೆ ಬಿದ್ದೇಬಿಡುತ್ತಿದ್ದಳು. ಹೊರಗೆ ಯಾರೋ 'ಅಯ್ಯೋ' ಎಂದರು.

ಡಾಕ್ಟರಮ್ಮ ಎದ್ದು ತಮ್ಮ ಕುರ್ಚಿಯನ್ನೇ ಅವಳತ್ತ ದೂಡಿದರು. ಹೋಗಿ ಬಾಗಿಲು ಮುಚ್ಚಿ ಬಂದರು. ಕಾಲನ್ನು ಅಳೆದು, ಕೈ ಒತ್ತಿ ಒತ್ತಿ ಕಪ್ಪುಗಟ್ಟಿದ್ದ ಮೊಣಕಾಲ ಚರ್ಮವನ್ನು ಮೆಲ್ಲಗೆ ಮುಟ್ಟಿ ನೋಡಿದರು.

"ಐವತ್ತು ಬರೆದಿದ್ದೀನಿ. ಪಿಂಚಣಿ ಸಿಗುತ್ತೆ," ಎಂದರು.

ಹೊರಗೆ ಬಂದರೆ ಎಲ್ಲರ ಕಣ್ಣೂ ತನ್ನ ಕಾಲಿನ ಮೇಲೇ ಇದೆ ಅನ್ನಿಸಿತು. ತಲೆ ತಗ್ಗಿಸಿ ಬೆಂಚಿನ ತುದಿಯಲ್ಲಿ ಕೂತಳು.

ಮಂಟೇಸ್ವಾಮಿ ಸ್ವಲ್ಪ ಸರಿದು ಜಾಗ ಬಿಟ್ಟ. ಬುತ್ತಿಯ ಡಬ್ಬಿಯನ್ನು ತೊಡೆಗಳ ನಡುವೆ ಇರುಕಿ, ಒಂದೇ ಕೈಯಲ್ಲಿ ಮುಚ್ಚಳ ತೆಗೆದ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಅದನ್ನು ಅವಳ ಮಡಿಲಲ್ಲಿಟ್ಟು, ಮುಖ ಆಚೆ ತಿರುಗಿಸಿ ಕೂತ.