ಅಪ್ಪ ಹಾಡುತ್ತಿದ್ದ ಅರ್ಧ ಹಾಡು

ನನ್ನ ತಂದೆ ಬರಿಗೈಯಲ್ಲಿ ನಡೆಯುವಾಗಲೂ ಗಾಜು ಹೊತ್ತವರಂತೆ ನಡೆಯುತ್ತಿದ್ದರು. ತೋಳುಗಳು ಮೈಯಿಂದ ತುಸು ದೂರ, ಅಂಗೈಗಳು ಒಳಮುಖ, ಕತ್ತು ನೆಟ್ಟಗೆ, ಹೆಜ್ಜೆ ಹೆಜ್ಜೆಗೂ ನೆಲದ ಅನುಮತಿ ಕೇಳುತ್ತಿರುವರೇನೋ ಎಂಬಂಥ ಒಂದು ಸಣ್ಣ ತಡೆ. ಬಾಗಿಲು ಎಷ್ಟೇ ಅಗಲವಿರಲಿ, ಅಡ್ಡಕ್ಕೆ ತಿರುಗಿಯೇ ಒಳಗೆ ಬರುತ್ತಿದ್ದರು. ಕಿಟಕಿಗಳಿಗೆ ಗಾಜು ಕತ್ತರಿಸಿ ಕೂರಿಸುವುದು ಅವರ ಕಸುಬು. ಅಂಗಡಿಯ ಇಕ್ಕಟ್ಟಿನಲ್ಲಿ ದೊಡ್ಡ ದೊಡ್ಡ ಹಾಳೆಗಳನ್ನು ಎತ್ತಿ ಇಳಿಸಿ ಮೈಗೂಡಿದ ಆ ನಡಿಗೆ ಮದುವೆಮನೆಯಲ್ಲೂ ಆಸ್ಪತ್ರೆಯ ಮೊಗಸಾಲೆಯಲ್ಲೂ ಅವರನ್ನು ಬಿಟ್ಟು ಹೋಗಲಿಲ್ಲ. "ನಿಮ್ಮಪ್ಪ ಬಾಗಿಲಲ್ಲಿ ಗಾಳಿ ಬಂದ್ರೂ ಪಕ್ಕಕ್ಕೆ ಸರಿದು ದಾರಿ ಬಿಡ್ತಾರೆ," ಎಂದು ಅಮ್ಮ ನಗುತ್ತಿದ್ದಳು.

ಸೆಖೆಗಾಲದಲ್ಲೂ ಕಳಚದ, ದಪ್ಪ ಕ್ಯಾನ್ವಾಸಿನ ಒಂದು ಕಂದು ಕೋಟು ಅವರಿಗಿತ್ತು. ಅದರ ತೋಳಿನ ಅಂಚುಗಳು ಗಾಜು ಕೂರಿಸುವ ಪುಟ್ಟಿ ಮೆತ್ತಿ ಒಣಗಿ ಹಲಗೆಯಂತಾಗಿದ್ದವು. ಬಲಜೇಬಿನಲ್ಲಿ ಗಾಜು ಕೊಯ್ಯುವ ವಜ್ರದ ಮೊನೆ, ಎಡಜೇಬಿನಲ್ಲಿ ಪೆಪ್ಪರ್‌ಮೆಂಟು. ಇನ್ನು ಮಾತು. ಯಾವ ಪ್ರಶ್ನೆಗೂ ಅವರ ಮೊದಲ ಉತ್ತರ, ಬಹಳಷ್ಟು ಸಲ ಕೊನೆಯ ಉತ್ತರವೂ, "ನೋಡೋಣ" ಎಂಬ ಒಂದೇ ಪದ. ಗಿರಾಕಿ ಬಂದು ಗಾಜು ಯಾವಾಗ ಸಿಗುತ್ತದೆಂದರೆ ನೋಡೋಣ. ಅಮ್ಮ ತಾರಸಿ ಸೋರುತ್ತಿದೆಯೆಂದರೆ ನೋಡೋಣ. ನಾನು ಪರೀಕ್ಷೆಯಲ್ಲಿ ಪಾಸಾದೆನೆಂದು ಓಡಿಬಂದು ಹೇಳಿದಾಗಲೂ ಬಾಯಿತಪ್ಪಿ ಅದೇ ಬಂದು, ಆಮೇಲೆ ನಾಚಿಕೊಂಡು ಪೆಪ್ಪರ್‌ಮೆಂಟು ಕೊಟ್ಟರು. ಬೀದಿಯವರು ಅವರಿಗೆ 'ನೋಡೋಣಪ್ಪ' ಎಂದೇ ಹೆಸರಿಟ್ಟಿದ್ದರು. ಆ ಹೆಸರಿಗೆ ಅವರು ಓಗೊಡುತ್ತಲೂ ಇದ್ದರು.

ಅವರಿಗೆ ಬರುತ್ತಿದ್ದದ್ದು ಒಂದೇ ಹಾಡು. ಯಾವುದೋ ಹಳೆಯ ಚಿತ್ರದ್ದು. ಕೆಲಸದ ಮೇಜಿನ ಮುಂದೆ ನಿಂತು ಗಾಜಿನ ಮೇಲೆ ಗೆರೆ ಎಳೆಯುವ ಮುನ್ನ ಶುರುವಾಗುತ್ತಿತ್ತು. ಒಂದು ಸಾಲು ಹಾಡುವರು, ನಿಲ್ಲಿಸುವರು. ಬೆರಳುಗಳು ಮೇಜಿನ ಅಂಚಿನಲ್ಲಿ ತಾಳ ಹಾಕುತ್ತಲೇ ಇರುವುವು. ಮತ್ತೆ ಒಂದು ಸಾಲು, ಮತ್ತೆ ಮೌನ. ಅವರ ಶಾರೀರದಲ್ಲಿ ಸ್ವರಕ್ಕಿಂತ ಶ್ರದ್ಧೆಯೇ ಹೆಚ್ಚು. ಆ ಮೌನಗಳು ಉಸಿರು ತೆಗೆದುಕೊಳ್ಳಲು ಬಿಟ್ಟವೆಂದು ನಾನು ಬಹಳ ಕಾಲ ತಿಳಿದಿದ್ದೆ. ಹಾಡೇ ಹಾಗೆಂದು, ಅದರ ರಾಗದಲ್ಲೇ ಆ ಖಾಲಿಗಳಿವೆಯೆಂದು ತಿಳಿದು, ಸ್ನಾನದ ಮನೆಯಲ್ಲಿ ನಾನೂ ಹಾಗೇ ನಿಲ್ಲಿಸಿ ನಿಲ್ಲಿಸಿ ಹಾಡುತ್ತಿದ್ದೆ.

ಮೊನ್ನೆ ಕನ್ನಡಕದ ಅಂಗಡಿಯಲ್ಲಿ ಸರದಿ ಕಾಯುತ್ತ ಕುಳಿತಿದ್ದಾಗ, ಗಲ್ಲಾಪೆಟ್ಟಿಗೆಯ ಪಕ್ಕದ ರೇಡಿಯೊದಲ್ಲಿ ಆ ಹಾಡು ಬಂತು. ಗಂಡುಧ್ವನಿ ಒಂದು ಸಾಲು ಹಾಡಿ ನಿಂತದ್ದೇ ತಡ, ಒಂದು ಹೆಣ್ಣುಧ್ವನಿ ತುಂಟತನದಿಂದ ಪುಟಿದು ಉತ್ತರ ಕೊಟ್ಟಿತು. ದಾರಿಹೋಕನೊಬ್ಬ ಊರಿಗೆ ಹೇಗೆ ಹೋಗುವುದೆಂದು ಕೇಳುತ್ತಾನೆ; ಹುಡುಗಿ ಬೇಕೆಂದೇ ತಪ್ಪುದಾರಿ ಹೇಳುತ್ತಾಳೆ; ಅವನು ಸುತ್ತಿ ಬಂದು ಮತ್ತೆ ಕೇಳುತ್ತಾನೆ. ನಗೆಯ ಹಾಡು ಅದು. ಅಂಗಡಿಯವನು ಕೂಡ ಮುಗುಳ್ನಗುತ್ತಿದ್ದ. ನಾನು ಮಾತ್ರ ಕಣ್ಣೊರೆಸಿಕೊಳ್ಳಬೇಕಾಯಿತು. ಕಣ್ಣು ಪರೀಕ್ಷಿಸುವವರು ಹೆಚ್ಚು ಓದಬೇಡಿರೆಂದು ಬುದ್ಧಿ ಹೇಳಿದರು.

ಆ ಹೆಣ್ಣಿನ ಸಾಲುಗಳು ನಮ್ಮ ಮನೆಯಲ್ಲಿ ನನ್ನ ಸೋದರತ್ತೆಯವು. ಅಪ್ಪನಿಗಿಂತ ಕಿರಿಯಳು, ಅಪ್ಪನಿಗೆ ಒಬ್ಬಳೇ ತಂಗಿ. ತಾಯಿಯಿಲ್ಲದ ಆ ಇಬ್ಬರು ಮಕ್ಕಳು ಗಾಜಿನಂಗಡಿಯ ಹಿಂದಿನ ಕೋಣೆಯಲ್ಲಿ ಪಾತ್ರೆ ತೊಳೆಯುತ್ತ, ಬಟ್ಟೆ ಹಿಂಡುತ್ತ, ಸಾಲು ಸಾಲಾಗಿ ಹಂಚಿಕೊಂಡು ಹಾಡುತ್ತಿದ್ದ ಹಾಡು. ಇದನ್ನೆಲ್ಲ ನನಗೆ ಹೇಳಿದವಳು ಅಮ್ಮ. ಅಪ್ಪನ ಬಾಯಿಂದ ತಂಗಿಯ ಸುದ್ದಿಯೇ ಬರುತ್ತಿರಲಿಲ್ಲ.

ಅತ್ತೆ ಒಂದು ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುವ ಕೆಲಸಕ್ಕೆ ಹೋಗುತ್ತಿದ್ದಳಂತೆ. ಅಲ್ಲಿನ ವ್ಯಾನಿನ ಚಾಲಕ ವಿಧುರ, ಸಾಧುಮನುಷ್ಯ. ಅವನನ್ನು ಮದುವೆಯಾಗಬೇಕೆಂದು ಅವಳು ನಿಶ್ಚಯಿಸಿದಳು. ತಾತ ಮಹಾ ಕಟ್ಟುನಿಟ್ಟಿನವರು. ಮಗಳು ಎದುರು ನಿಂತು ಮಾತಾಡುವಂತಿಲ್ಲ. ಅವಳು ಅಣ್ಣನ ಹತ್ತಿರ ಹೋಗಿ, "ಅಣ್ಣ, ನೀನೊಂದು ಮಾತು ಹೇಳು. ಅಪ್ಪ ನಿನ್ನ ಮಾತು ತೆಗೆದುಹಾಕೋದಿಲ್ಲ," ಎಂದು ಬೇಡಿಕೊಂಡಳು. ಅಪ್ಪ ನೋಡೋಣವೆಂದರು. ಮನಸ್ಸಿನಲ್ಲಿ ಒಪ್ಪಿಗೆಯೇ ಇತ್ತು. ತಾತನ ಮುಖ ತಿಳಿಯಾದ ಹೊತ್ತು ನೋಡಿ ಹೇಳಬೇಕೆಂದು ದಿನ ದಿನವೂ ಕಾದರು. ತಾತನ ಮುಖ ತಿಳಿಯಾಗುವಂಥದ್ದಾಗಿರಲಿಲ್ಲ. ಅವಳು ಕೇಳುವುದನ್ನು ನಿಲ್ಲಿಸಿದಳು. ಒಂದು ಬೆಳಗ್ಗೆ ಎಂದಿನಂತೆ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟವಳು ಸಂಜೆ ಮನೆಗೆ ಬರಲಿಲ್ಲ. ಮುದ್ರಣಾಲಯದವರೇ ಸಾಕ್ಷಿ ನಿಂತು ರಿಜಿಸ್ಟರ್ ಮದುವೆ ಮಾಡಿಸಿದರು. ಗಂಡ ಹೆಂಡತಿ ಬೇರೆ ಊರಿಗೆ ಹೋದರು.

ಅವಳ ಹೆಸರು ಈ ಮನೆಯಲ್ಲಿ ಕೇಳಿಸಕೂಡದೆಂದು ತಾತ ಆಜ್ಞೆ ಮಾಡಿದರು. ಅಪ್ಪ ಹೆಸರೆತ್ತಲಿಲ್ಲ, ಹಾಡತೊಡಗಿದರು, ತಮ್ಮ ಸಾಲುಗಳನ್ನಷ್ಟೇ, ಅವಳ ಸಾಲುಗಳಿಗೆ ಅವುಗಳ ಅಳತೆಯಷ್ಟೇ ಜಾಗ ಬಿಟ್ಟು. ತಾತ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡು ಮುಖ ಗೋಡೆಯ ಕಡೆ ತಿರುಗಿಸುತ್ತಿದ್ದರಂತೆ. ನಿಲ್ಲಿಸು ಎಂದು ಮಾತ್ರ ಎಂದೂ ಹೇಳಲಿಲ್ಲ.

ತಾತ ತೀರಿಕೊಂಡ ಮೇಲೆ ತಡೆಯುವವರು ಯಾರೂ ಇರಲಿಲ್ಲ. ಅತ್ತೆಯದು ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಸಿಗುವ ಊರು. ಮುಂದಿನ ತಿಂಗಳು ನೋಡೋಣ, ಈ ಕಟ್ಟಡದ ಕೆಲಸ ಮುಗಿಯಲಿ ನೋಡೋಣ ಎನ್ನುತ್ತ ವರ್ಷಗಳು ಉರುಳಿದವು. ತಡವಾದಷ್ಟೂ ಸಂಕೋಚ ಬೆಳೆಯಿತು, ಸಂಕೋಚ ಬೆಳೆದಷ್ಟೂ ಇನ್ನಷ್ಟು ತಡವಾಯಿತು. ಅತ್ತೆಯ ಗಂಡ ಸತ್ತ ಸುದ್ದಿ ಬಂದ ಬೆಳಗ್ಗೆ ಅಪ್ಪ ಕೋಟು ತೊಟ್ಟು, ತಲೆ ಬಾಚಿ, ಅಮ್ಮನಿಗೆ ಹೇಳಿ ಹೊರಟರು. ಮಧ್ಯಾಹ್ನದ ಊಟದ ಹೊತ್ತಿಗೆ ಮನೆಯಲ್ಲಿದ್ದರು. ಬಸ್ಸು ತಪ್ಪಿತು ಎಂದರು. ಆ ಊರಿಗೆ ಗಂಟೆಗೊಂದು ಬಸ್ಸಿದೆಯೆಂದು ಅಮ್ಮನಿಗೆ ಗೊತ್ತಿತ್ತು. ಅವಳು ತಟ್ಟೆ ಇಟ್ಟಳು. ಅವರು ತಲೆ ತಗ್ಗಿಸಿ ಉಂಡರು.

ಎಷ್ಟೋ ಕಾಲದ ಮೇಲೆ, ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನನಗೆ ಅತ್ತೆಯ ಊರಿಗೆ ವರ್ಗವಾಯಿತು. ನಾನೇ ಹುಡುಕಿಕೊಂಡು ಹೋಗಿ ಪರಿಚಯ ಮಾಡಿಕೊಂಡೆ. ರಜೆಯಲ್ಲಿ ಮನೆಗೆ ಬಂದ ನಾನು, ಮರಳುವಾಗ ಅಪ್ಪನ ಕೋಟನ್ನು ಅವರ ಕೈಗಿತ್ತು, ಬಸ್ಸಿನ ಚೀಟಿ ಆಗಲೇ ತೆಗೆದಾಗಿದೆ ನಡೆಯಿರಿ ಎಂದೆ. ಅವರು ಆ ಪದವನ್ನು ಬಾಯಿಯವರೆಗೆ ತಂದು ನುಂಗಿಕೊಂಡರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಗೆ ಮುಖ ಮಾಡಿ ತುಟಿಯಾಡಿಸುತ್ತಿದ್ದರು. ಏನೆಂದು ನನಗೆ ಗೊತ್ತಿತ್ತು.

ಅತ್ತೆ ಬಾಗಿಲು ತೆರೆದು ಒಂದು ಗಳಿಗೆ ನೋಡಿದಳು. ಆಮೇಲೆ, "ಅಣ್ಣ, ಚಪ್ಪಲಿ ಒಳಗೇ ಬಿಡು, ನಾಯಿ ಎತ್ಕೊಂಡು ಹೋಗುತ್ತೆ," ಎಂದಳು. ನಿನ್ನೆ ಬಂದು ಹೋದವರನ್ನು ಮಾತಾಡಿಸಿದ ಹಾಗಿತ್ತು. ಚಹಾ ಆಯಿತು. ಮಂಡಿನೋವಿನ ಮಾತಾಯಿತು, ಸಕ್ಕರೆ ಕಾಯಿಲೆಯ ಮಾತಾಯಿತು. ಅಪ್ಪ ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಹಾಡಿನ ಮೊದಲ ಸಾಲನ್ನು ಮೆಲ್ಲನೆ ಹಾಡಿ, ಅವಳ ಮುಖ ನೋಡುತ್ತ ನಿಲ್ಲಿಸಿದರು.

"ಯಾವುದಣ್ಣ ಅದು? ಸಿನಿಮಾದ್ದಾ?"

ಅವರು, ನಾವು ಹಾಡುತ್ತಿದ್ದದ್ದು ಎಂದು, ತಮ್ಮ ಎರಡನೆಯ ಸಾಲನ್ನೂ ಹಾಡಿದರು. ಅವಳು ನಿಜವಾಗಿ ನೆನಪಿಸಿಕೊಳ್ಳಲು ನೋಡಿದಳು, ಹುಬ್ಬು ಗಂಟಿಕ್ಕಿ. ಕೊನೆಗೆ ತಲೆಯಾಡಿಸಿದಳು. "ನಾವು ಹಾಡ್ತಿದ್ವಾ? ಇರಬಹುದು. ನನಗೆ ಅವೆಲ್ಲ ಮರೆತೇ ಹೋಯ್ತು." ಕೋಪವೇನೂ ಇಲ್ಲದ ಧ್ವನಿಯಲ್ಲಿ ಅವಳೇ ಮುಂದುವರಿಸಿದಳು. "ನನಗೆ ನೆನಪಿರೋದು ಬೇರೆ. ಇವರು ಹೋದ ದಿನ ಆ ಕಿಟಕಿ ಹತ್ರ ಕೂತಿದ್ದೆ. ಬೀದಿ ತಿರುವಲ್ಲಿ ಕೋಟು ಹಾಕ್ಕೊಂಡು ಯಾರು ಬಂದ್ರೂ ನೀನೇ ಅಂದ್ಕೊಳ್ತಿದ್ದೆ."

ಅಪ್ಪ ತಮ್ಮ ಕೈಗಳನ್ನು ನೋಡಿಕೊಂಡರು. "ಬಸ್ ಸ್ಟ್ಯಾಂಡ್ ತನಕ ಬಂದಿದ್ದೆ."

"ಬಸ್ ಸಿಗಲಿಲ್ವಾ?"

"ಸಿಕ್ತು. ಹತ್ತಲಿಲ್ಲ."

ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಲ್ಲಿಯ ನೀರು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹರಿಯಿತು. ತಂಗಿಯ ಪರವಾಗಿ ಒಂದು ಮಾತು ಆಡಲಿಲ್ಲವಲ್ಲ ಎಂಬ ನೋವನ್ನು ಅಪ್ಪ ಜೀವಮಾನವೆಲ್ಲ ಹೊತ್ತಿದ್ದರು. ಅತ್ತೆ ಅದನ್ನು ಎಂದೋ ಮನ್ನಿಸಿ ಮರೆತಿದ್ದಳು. ಅವಳು ಕಾದದ್ದು ಬೇರೊಂದು ದಿನ, ಬೇರೊಂದು ಕಾರಣಕ್ಕೆ. ಒಬ್ಬರ ಪಶ್ಚಾತ್ತಾಪ ಒಂದು ಮನೆಯಲ್ಲಿ, ಇನ್ನೊಬ್ಬರ ದುಃಖ ಇನ್ನೊಂದು ಮನೆಯಲ್ಲಿ, ಎರಡಕ್ಕೂ ಪರಸ್ಪರ ಪರಿಚಯವೇ ಇಲ್ಲದೆ ವಯಸ್ಸಾಗಿತ್ತು.

ಅವಳು ಹೇಳಿದ ಕಿಟಕಿಯ ಒಂದು ಗಾಜು ಒಡೆದು, ಆ ಜಾಗಕ್ಕೆ ರಟ್ಟು ಸಿಕ್ಕಿಸಿತ್ತು. ಅಪ್ಪ ಎದ್ದು ಹೋಗಿ ಅದನ್ನು ಗೇಣಿನಿಂದ ಅಳೆದರು. ಮುಂದಿನ ವಾರವೇ, ಯಾರೂ ಹೇಳದೆ, ಕಂಬಳಿಯಲ್ಲಿ ಸುತ್ತಿದ ಗಾಜನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದು ಕೂರಿಸಿ ಹೋದರು. ಆಮೇಲೆ ತಿಂಗಳಿಗೊಮ್ಮೆಯಾದರೂ ಬರುತ್ತಿದ್ದರು. ಇಬ್ಬರು ಮುದುಕರು ಎದುರುಬದುರು ಕೂತು ತರಕಾರಿ ಹೆಚ್ಚುತ್ತ ಪಕ್ಕದ ಮನೆಯವರ ಜಗಳವನ್ನು ವಿಮರ್ಶಿಸುವರು. ಚೆನ್ನಾಗಿತ್ತು ನೋಡಲು. ಹೊಸದಾಗಿ ಪರಿಚಯವಾದ ಇಬ್ಬರು ಸಜ್ಜನರ ಸ್ನೇಹದ ಹಾಗೆ ಚೆನ್ನಾಗಿತ್ತು. ಅದಕ್ಕಿಂತ ಹೆಚ್ಚಿನದಾಗಲು ಅವರ ಹತ್ತಿರ ವರ್ಷಗಳು ಉಳಿದಿರಲಿಲ್ಲ.

ಅಪ್ಪನ ಅಂಗಡಿಯಲ್ಲಿ ಹಾಡು ಕೇಳಿಸುತ್ತಿಲ್ಲವೆಂದು ಮೊದಲು ಗಮನಿಸಿದವಳು ಅಮ್ಮ. ನಾನು ಒಮ್ಮೆ ಕೇಳಿಯೂಬಿಟ್ಟೆ. ಅಪ್ಪ ಗಾಜಿನ ಮೇಲೆ ಗೆರೆ ಎಳೆದು, ಮೆಲ್ಲನೆ ತಟ್ಟಿ ಎರಡಾಗಿಸಿ, ಆಮೇಲೆ ಹೇಳಿದರು: "ಅದು ಇಬ್ಬರ ಹಾಡು ಕಣಮ್ಮ. ಅವಳಿಗೇ ಗೊತ್ತಿಲ್ಲ ಅಂದ ಮೇಲೆ ನಾನು ಯಾರಿಗೆ ಅಂತ ನಿಲ್ಲಿಸಿ ನಿಲ್ಲಿಸಿ ಹಾಡ್ಲಿ?"

ಅಪ್ಪ ಅತ್ತೆಗಿಂತ ಮೊದಲು ಹೋದರು. ತಾನು ಬಿಟ್ಟುಹೋದ ಮನೆಗೆ ಅತ್ತೆ ಮತ್ತೆ ಕಾಲಿಟ್ಟದ್ದು ಅಂದೇ. ಅಮ್ಮನ ಪಕ್ಕದಲ್ಲಿ ಬಹಳ ಹೊತ್ತು ಕೂತಿದ್ದಳು. ಬಂದವರೆಲ್ಲ ಸತ್ತವರ ಗುಣಗಾನ ಮಾಡುತ್ತಿದ್ದರು. ಯಾರೋ ಅವಳ ಕಡೆ ತಿರುಗಿ, ನಿಮ್ಮಣ್ಣ ದೇವರಂಥವರು ಎಂದಾಗ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಒಳ್ಳೆಯವನೇ. ತಡ ಮಾಡಿದ, ಅಷ್ಟೇ," ಎಂದಳು.

ಪ್ರೀತಿ ಕಡಿಮೆ ಇದ್ದವರು ತಡ ಮಾಡುತ್ತಾರೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ನನ್ನ ತಂದೆಯಂಥವರನ್ನು ಕಂಡವರು ಹಾಗೆ ಹೇಳಲಾರರು. ಇವರಲ್ಲಿ ಪ್ರೀತಿ ಧಾರಾಳವಾಗಿರುತ್ತದೆ. ತಮ್ಮೊಳಗೆ ಅದು ಬಾಡದೆ ಇರುವುದನ್ನು ದಿನವೂ ಮುಟ್ಟಿ ನೋಡಿಕೊಳ್ಳುವುದರಿಂದ, ಅದು ತಲುಪಬೇಕಾದವರ ಬಳಿಯೂ ಹಾಗೆಯೇ ಇದೆಯೆಂದು ನಂಬಿ ನಿಶ್ಚಿಂತರಾಗಿರುತ್ತಾರೆ. ಅವರಿಂದ ಯಾರಿಗೂ ಒಂದು ಕಟುಮಾತು ಬರುವುದಿಲ್ಲ, ಒಂದು ಕೇಡು ಆಗುವುದಿಲ್ಲ. ಅವರನ್ನು ದ್ವೇಷಿಸಲು ಯಾರಿಂದಲೂ ಆಗದು. ಕಾದು ಕಾದು ದಣಿದವರು ಒಂದು ದಿನ ಕಾಯುವುದನ್ನು ನಿಲ್ಲಿಸುತ್ತಾರೆ. ನಿಲ್ಲಿಸಿದೆವೆಂದು ಯಾರಿಗೂ ಹೇಳಿಕಳಿಸುವುದಿಲ್ಲ.